ಗದ್ದೆಯ ಕೆಸರಿನಿಂದ ಸಂವೇದಕದವರೆಗೆ: ಬ್ಯಾಕ್ಟೀರಿಯದ ನ್ಯಾನೊತಂತಿಗಳು

ಕಬಿನಿ ಮತ್ತು ವರುಣಾ ನಾಲೆಗಳ ನೀರು ಹರಿಯುವ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಬತ್ತದ ಗದ್ದೆಗಳಿಗೆ ಕೊರತೆಯಿಲ್ಲ. ನೀವು ಚಿಕ್ಕಯ್ಯನಛತ್ರದ ಆಸುಪಾಸಿನ ಯಾವುದಾದರೂ ಶಾಲೆಯಲ್ಲಿ ಅಧ್ಯಾಪಕರಾಗಿದ್ದರೆ, ನಾಟಿಯಾಗಿ ಒಂದು ತಿಂಗಳು ಕಳೆದ ಗದ್ದೆಯಿಂದ ರೈತರ ಒಪ್ಪಿಗೆ ಪಡೆದು ಒಂದು ಪೈರನ್ನು ಬೇರುಸಹಿತ ಕಿತ್ತು ನೋಡಿ. ಎರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಕೆಸರಿನ ಬಣ್ಣ ಮೇಲೆ ಕಂದು, ಒಂದೆರಡು ಬೆರಳು ಕೆಳಗೆ ಬೂದು ಅಥವಾ ಕಪ್ಪು. ಆದರೆ ಅದೇ ಕಪ್ಪು ಕೆಸರಿನೊಳಗಿದ್ದ ಬೇರುಗಳ ಮೇಲೆ ತುಕ್ಕಿನ ಬಣ್ಣದ ತೆಳುವಾದ ಲೇಪವಿರುತ್ತದೆ. ಬೂದು ಕೆಸರನ್ನು ಒಂದು ತಟ್ಟೆಯಲ್ಲಿ ಹರಡಿ ಗಾಳಿಗೆ ಬಿಟ್ಟರೆ ಅದೂ ಮೆಲ್ಲಗೆ ಕಂದು ಬಣ್ಣಕ್ಕೆ ತಿರುಗುತ್ತದೆ.

ಈ ಬಣ್ಣಗಳ ಆಟಕ್ಕೆ ಕಾರಣ ಕಬ್ಬಿಣ. ಗಾಳಿ ಸಿಗುವಲ್ಲಿ ಅದು ತುಕ್ಕಿನ ರೂಪದಲ್ಲಿರುತ್ತದೆ. ಗಾಳಿಯಿಲ್ಲದಲ್ಲಿ ತುಕ್ಕಿನ ಕಬ್ಬಿಣಕ್ಕೆ ಒಂದೊಂದು ಎಲೆಕ್ಟ್ರಾನು ಸೇರಿ, ಅದು ನೀರಿನಲ್ಲಿ ಕರಗಬಲ್ಲ ಇನ್ನೊಂದು ರೂಪ ತಾಳುತ್ತದೆ. ಹಾಗಾದರೆ ಆ ಎಲೆಕ್ಟ್ರಾನನ್ನು ಕೊಡುವವರು ಯಾರು? ಈ ಪ್ರಶ್ನೆಯ ಬೆನ್ನು ಹತ್ತಿದ ಜೀವವಿಜ್ಞಾನಿಗಳು ಕೊನೆಗೆ ತಲುಪಿದ್ದು ಭೌತವಿಜ್ಞಾನದ ಅಂಗಳಕ್ಕೆ. ಪ್ರೋಟೀನಿನಿಂದಾದ, ವಿದ್ಯುತ್ತನ್ನು ಹರಿಸಬಲ್ಲ, ಕೆಲವೇ ನ್ಯಾನೊಮೀಟರ್ ದಪ್ಪದ ತಂತಿಗಳು ಅವರಿಗೆ ಎದುರಾದವು. ಇಂದು ಆ ತಂತಿಗಳಿಂದ ಅನಿಲ ಸಂವೇದಕಗಳನ್ನು ತಯಾರಿಸುವ ಯತ್ನ ನಡೆದಿದೆ. ಈ ಲೇಖನದಲ್ಲಿ ಆ ದಾರಿಯನ್ನು ಹಂತಹಂತವಾಗಿ ನೋಡೋಣ.

ತುಕ್ಕನ್ನು ಉಸಿರಾಡುವ ಜೀವಿ

ಉಸಿರಾಟವೆಂದರೆ ಏನು? ಗಾಳಿಯನ್ನು ಒಳಗೆಳೆದು ಹೊರಬಿಡುವುದು ಅದರ ಹೊರನೋಟ ಮಾತ್ರ. ಆಹಾರದಿಂದ ಬಿಡಿಸಿಕೊಂಡ ಎಲೆಕ್ಟ್ರಾನುಗಳನ್ನು ಕೋಶವು ಹಂತಹಂತವಾಗಿ ಸಾಗಿಸುತ್ತ, ದಾರಿಯಲ್ಲಿ ಶಕ್ತಿಯನ್ನು ಗಳಿಸಿ, ಕೊನೆಗೆ ಯಾವುದಾದರೂ ಸ್ವೀಕಾರಕಕ್ಕೆ ಒಪ್ಪಿಸಿಬಿಡುವುದೇ ಉಸಿರಾಟದ ತಿರುಳು. ನಮಗೆ ಆ ಸ್ವೀಕಾರಕ ಆಕ್ಸಿಜನ್. ಅದು ಅನಿಲವಾದ್ದರಿಂದ ನೀರಿನಲ್ಲಿ ಕರಗಿ ಕೋಶದ ಒಳಕ್ಕೇ ಬರುತ್ತದೆ, ತೊಂದರೆಯಿಲ್ಲ.

ನೀರು ನಿಂತ ಗದ್ದೆಯ ಕೆಸರಿನಲ್ಲಿ ಆಕ್ಸಿಜನ್ ಬೇಗನೆ ಮುಗಿದುಹೋಗುತ್ತದೆ. ಆಗ ಕೆಲವು ಬ್ಯಾಕ್ಟೀರಿಯಗಳು ತುಕ್ಕನ್ನೇ, ಅಂದರೆ ಕಬ್ಬಿಣದ ಆಕ್ಸೈಡನ್ನೇ ಸ್ವೀಕಾರಕವಾಗಿ ಬಳಸುತ್ತವೆ. ಆದರೆ ತುಕ್ಕು ಘನವಸ್ತು. ಅದರ ಕಣ ಕೋಶದ ಗೋಡೆಯನ್ನು ದಾಟಿ ಒಳಗೆ ಬರಲಾರದು. ಸ್ವೀಕಾರಕ ಒಳಗೆ ಬಾರದಿದ್ದರೆ ಎಲೆಕ್ಟ್ರಾನೇ ಹೊರಗೆ ಹೋಗಬೇಕು. ಕೋಶದ ಪೊರೆಗಳು ವಿದ್ಯುತ್ ನಿರೋಧಕಗಳು ಎಂಬುದನ್ನು ನೆನೆದರೆ ಇದು ಎಷ್ಟು ಕಠಿಣ ಸಮಸ್ಯೆಯೆಂಬುದು ತಿಳಿಯುತ್ತದೆ.

ಇಂಥ ಜೀವಿಯೊಂದನ್ನು ಡೆರೆಕ್ ಲವ್ಲಿ ಮತ್ತು ಸಂಗಡಿಗರು ಅಮೆರಿಕದ ವಾಷಿಂಗ್ಟನ್ ಬಳಿ ಪೊಟೋಮ್ಯಾಕ್ ನದಿಯ ಕೆಸರಿನಲ್ಲಿ ಪತ್ತೆಹಚ್ಚಿ 1987ರಲ್ಲಿ ವರದಿ ಮಾಡಿದರು. ಮುಂದೆ ಅದಕ್ಕೆ ಜಿಯೋಬ್ಯಾಕ್ಟರ್ ಎಂಬ ಕುಲನಾಮ ಬಂತು. ಈ ಕುಲದ ಬ್ಯಾಕ್ಟೀರಿಯಗಳು ಪೊಟೋಮ್ಯಾಕಿಗೆ ಮಾತ್ರ ಸೀಮಿತವಲ್ಲ. ಜಗತ್ತಿನ ನಾನಾ ಕಡೆಯ ನೀರು ನಿಂತ ಮಣ್ಣಿನಲ್ಲಿ, ಅದರಲ್ಲೂ ಬತ್ತದ ಗದ್ದೆಗಳಲ್ಲಿ, ಅವು ಸಾಮಾನ್ಯ ನಿವಾಸಿಗಳು. ಬತ್ತದ ಬೇರು ತನ್ನೊಳಗಿನ ಗಾಳಿಕೊಳವೆಗಳ ಮೂಲಕ ಸ್ವಲ್ಪ ಆಕ್ಸಿಜನ್ನನ್ನು ಹೊರಕ್ಕೆ ಸೋರಿಸುತ್ತದೆ. ಅದರಿಂದ ಬೇರಿನ ಸುತ್ತ ಹೊಸ ತುಕ್ಕು ಹುಟ್ಟುತ್ತದೆ. ನೀವು ಕಂಡ ಕಂದು ಲೇಪ ಅದೇ. ಕಬ್ಬಿಣವನ್ನು ಉಸಿರಾಡುವ ಜೀವಿಗಳಿಗೆ ಇದು ಮತ್ತೆ ಮತ್ತೆ ತುಂಬುವ ಉಗ್ರಾಣ.

ತಂತಿಯ ಸುಳಿವು

ಎಲೆಕ್ಟ್ರಾನು ಹೊರಗೆ ಹೋಗುವ ದಾರಿಗೆ ಮೊದಲ ಸುಳಿವು ಸಿಕ್ಕಿದ್ದು 2005ರಲ್ಲಿ. ಜಿಯೋಬ್ಯಾಕ್ಟರ್ ಸಲ್ಫರ್‌ರೆಡ್ಯೂಸೆನ್ಸ್ ಎಂಬ ಪ್ರಭೇದದ ಕೋಶಗಳಿಂದ ಕೂದಲಿನಂಥ ಎಳೆಗಳು ಹೊರಚಾಚಿರುವುದು ತಿಳಿದಿತ್ತು. ಜೀವಶಾಸ್ತ್ರದಲ್ಲಿ ಇಂಥ ಎಳೆಗಳಿಗೆ ಪಿಲಿ ಎಂದು ಹೆಸರು. ಗೆಮ್ಮಾ ರೆಗೆರಾ, ಲವ್ಲಿ ಮತ್ತು ಮಸಾಚುಸೆಟ್ಸ್ ವಿಶ್ವವಿದ್ಯಾನಿಲಯದ ಅವರ ಸಂಗಡಿಗರು ಪರಮಾಣು ಬಲ ಸೂಕ್ಷ್ಮದರ್ಶಕದ ವಾಹಕ ಮೊನೆಯನ್ನು ಈ ಎಳೆಗಳ ಮೇಲೆ ಹಾಯಿಸಿದರು. ಎಳೆಯ ಅಡ್ಡಕ್ಕೆ ವಿದ್ಯುತ್ತು ಹರಿಯಿತು. ಪಿಲಿ ಪ್ರೋಟೀನಿನ ಜೀನನ್ನು ತೆಗೆದುಹಾಕಿದಾಗ ಬ್ಯಾಕ್ಟೀರಿಯ ತುಕ್ಕನ್ನು ಉಸಿರಾಡುವ ಸಾಮರ್ಥ್ಯ ಕಳೆದುಕೊಂಡಿತು. ಸೂಕ್ಷ್ಮಜೀವಿಯ ನ್ಯಾನೊತಂತಿ ಎಂಬ ಹೆಸರು ಹುಟ್ಟಿದ್ದು ಹೀಗೆ.

ಎಳೆಯ ಉದ್ದಕ್ಕೂ ವಿದ್ಯುತ್ತು ಹರಿಯುವುದನ್ನು ತೋರಿಸುವುದು ಇದಕ್ಕಿಂತ ಕಷ್ಟದ ಕೆಲಸ. 2011ರಲ್ಲಿ ಭಾರತ ಮೂಲದ ಭೌತವಿಜ್ಞಾನಿ ನಿಖಿಲ್ ಮಾಲ್ವಂಕರ್ ಹಾಗೂ ಲವ್ಲಿಯವರ ತಂಡ ಇಂಥ ಎಳೆಗಳ ಜಾಲವನ್ನು ಎರಡು ಚಿನ್ನದ ಎಲೆಕ್ಟ್ರೋಡುಗಳ ನಡುವೆ ಇಟ್ಟು ವಾಹಕತೆಯನ್ನು ಅಳೆಯಿತು. ತಾಪ ಇಳಿದಂತೆ ಒಂದು ಹಂತದವರೆಗೆ ವಾಹಕತೆ ಏರಿತು. ಇದು ಲೋಹದ ಲಕ್ಷಣ. ಅರೆವಾಹಕವಾಗಿದ್ದರೆ ತಣಿದಂತೆ ವಾಹಕತೆ ಇಳಿಯಬೇಕಿತ್ತು. ಮೊಟ್ಟೆಯ ಬಿಳಿಯ ಜಾತಿಗೆ ಸೇರಿದ ವಸ್ತುವೊಂದು ತಾಮ್ರದಂತೆ ವರ್ತಿಸುತ್ತಿದೆ ಎಂದರೆ ಯಾರಿಗೆ ತಾನೆ ಅಚ್ಚರಿಯಾಗದು?

ತಂತಿ ಯಾವುದರಿಂದ ಆಗಿದೆ?

ಇಲ್ಲಿಂದ ಮುಂದಿನ ಕಥೆ ವಿವಾದದ್ದು. ಅದನ್ನು ವಿದ್ಯಾರ್ಥಿಗಳಿಂದ ಮುಚ್ಚಿಡಬೇಕಿಲ್ಲ. ವಿಜ್ಞಾನ ಹೇಗೆ ನಡೆಯುತ್ತದೆಂಬುದಕ್ಕೆ ಇದು ಒಳ್ಳೆಯ ಪಾಠ.

ಲವ್ಲಿಯವರ ತಂಡದ ವಾದ ಹೀಗಿದೆ. ಪಿಲಿ ಎಂಬುದು 61 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನುಗಳು ಸುರುಳಿಯಾಗಿ ಜೋಡಣೆಗೊಂಡು ಆದ ಎಳೆ. ಆ ಅಮೈನೊ ಆಮ್ಲಗಳಲ್ಲಿ ಕೆಲವಕ್ಕೆ ಬೆಂಜೀನಿನಂಥ ಉಂಗುರಗಳಿವೆ. ಉಂಗುರಗಳು ಒತ್ತೊತ್ತಾಗಿ ನಿಂತಾಗ ಎಲೆಕ್ಟ್ರಾನು ಒಂದರಿಂದ ಇನ್ನೊಂದಕ್ಕೆ ಸಾಗುತ್ತದೆ.

ಎದುರು ವಾದ 2019ರಲ್ಲಿ ಬಂತು. ಆಗ ಯೇಲ್ ವಿಶ್ವವಿದ್ಯಾನಿಲಯದಲ್ಲಿದ್ದ ಮಾಲ್ವಂಕರ್, ವರ್ಜೀನಿಯದ ಎಡ್ವರ್ಡ್ ಈಗಲ್‌ಮನ್ ಮೊದಲಾದವರು ಶೀತಲ ಎಲೆಕ್ಟ್ರಾನು ಸೂಕ್ಷ್ಮದರ್ಶಕದಿಂದ ಎಳೆಯೊಂದರ ಪರಮಾಣು ಮಟ್ಟದ ರಚನೆಯನ್ನು ಬಿಡಿಸಿದರು. ಅದು ಪಿಲಿಯಾಗಿರಲಿಲ್ಲ. ಓಎಂಸಿಎಸ್ ಎಂಬ ಸೈಟೋಕ್ರೋಮ್ ಪ್ರೋಟೀನುಗಳು ಒಂದರ ಹಿಂದೊಂದು ಪೋಣಿಸಿಕೊಂಡು ಆದ ಸುಮಾರು 4 ನ್ಯಾನೊಮೀಟರ್ ದಪ್ಪದ ಸರ ಅದು. ಪ್ರತಿಯೊಂದು ಮಣಿಯಲ್ಲೂ ಆರು ಹೀಮ್ ಗುಂಪುಗಳು, ಅಂದರೆ ನಮ್ಮ ರಕ್ತದ ಹಿಮೊಗ್ಲೋಬಿನ್ನಿನಲ್ಲಿರುವಂಥ ಕಬ್ಬಿಣದ ಕೇಂದ್ರಗಳು. ಎಲೆಕ್ಟ್ರಾನು ಹೀಮಿನಿಂದ ಹೀಮಿಗೆ ಸಾಗುತ್ತದೆ. ಪಿಲಿಯ ಕೆಲಸ ಈ ಸರಗಳನ್ನು ಹೊರಗೆ ತಳ್ಳುವುದಷ್ಟೆ ಎಂದು 2021ರಲ್ಲಿ ಇದೇ ಬಳಗ ವಾದಿಸಿತು. 2022ರಲ್ಲಿ ಮಾಲ್ವಂಕರ್ ತಂಡ ಸೈಟೋಕ್ರೋಮ್ ತಂತಿಯನ್ನು ತಣಿಸಿದಾಗಲೂ ವಾಹಕತೆ ಬಹಳವಾಗಿ ಏರುವುದನ್ನು ಕಂಡಿತು. ಹಾಗಾಗಿ ತಣಿಸಿ ನೋಡುವ ಪರೀಕ್ಷೆಯೊಂದರಿಂದಲೇ ತಂತಿಯ ಜಾತಿ ನಿರ್ಧಾರವಾಗುವುದಿಲ್ಲ.

ಲವ್ಲಿಯವರ ಪಕ್ಷದ ಉತ್ತರವೂ ಗಟ್ಟಿಯಾದದ್ದೇ. ಅವರು ಪಿಲಿಯ ಜೀನನ್ನು ಈ. ಕೋಲಿ ಎಂಬ ಸಾಮಾನ್ಯ ಬ್ಯಾಕ್ಟೀರಿಯಕ್ಕೆ ಸೇರಿಸಿ 2020ರಲ್ಲಿ ತಂತಿ ತಯಾರಿಸಿದರು. ಈ. ಕೋಲಿಯಲ್ಲಿ ಜಿಯೋಬ್ಯಾಕ್ಟರಿನ ಆ ಸೈಟೋಕ್ರೋಮುಗಳೇ ಇಲ್ಲ. ಆದರೂ ಆ ಎಳೆಗಳು ವಿದ್ಯುತ್ತನ್ನು ಹರಿಸಿದವು.

ಹಿಂದೊಮ್ಮೆ ಇದೇ ಕ್ಷೇತ್ರದಲ್ಲಿ ಇಂಥದ್ದೇ ತಿರುವು ಬಂದಿತ್ತು. ಶೆವಾನೆಲ್ಲ ಎಂಬ ಇನ್ನೊಂದು ಬ್ಯಾಕ್ಟೀರಿಯದಲ್ಲೂ ನ್ಯಾನೊತಂತಿಗಳಿವೆ ಎಂದು 2006ರಲ್ಲಿ ವರದಿಯಾಯಿತು. ಅವು ಪಿಲಿಯಲ್ಲ, ಕೋಶದ ಹೊರಪೊರೆಯೇ ಕೊಳವೆಯಾಗಿ ಚಾಚಿಕೊಂಡ ಭಾಗ ಎಂಬುದು 2014ರಲ್ಲಿ ಸ್ಪಷ್ಟವಾಯಿತು. ಸೂಕ್ಷ್ಮದರ್ಶಕದಲ್ಲಿ ಎಳೆಯೊಂದು ಕಂಡ ಮಾತ್ರಕ್ಕೆ ಅದು ಏನೆಂಬುದು ತಿಳಿಯುವುದಿಲ್ಲ.

ನೈಸರ್ಗಿಕ ಜಿಯೋಬ್ಯಾಕ್ಟರಿನಲ್ಲಿ ಯಾವ ತಂತಿ ಎಷ್ಟು ಕೆಲಸ ಮಾಡುತ್ತದೆ ಎಂಬ ಚರ್ಚೆ ಹೀಗೆ ಮುಂದುವರಿದಿದೆ. ಮುಂದೆ ವಿವರಿಸುವ ಸಂವೇದಕಗಳು ಲವ್ಲಿ ಹಾಗೂ ಅದೇ ವಿಶ್ವವಿದ್ಯಾನಿಲಯದ ಎಂಜಿನಿಯರ್ ಜುನ್ ಯಾವೊ ಅವರ ತಂಡಗಳವು; ಅವು ಪಿಲಿ ಎಳೆಗಳನ್ನು ಆಧರಿಸಿವೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಒಂದು ಲೆಕ್ಕ

ಒಂದು ತಂತಿಯ ರೋಧವೆಷ್ಟು? ಪಿಯುಸಿ ವಿದ್ಯಾರ್ಥಿ ಮಾಡಬಹುದಾದ ಲೆಕ್ಕವಿದು. ಪಿಲಿಯ ವ್ಯಾಸ 3 ನ್ಯಾನೊಮೀಟರ್ ಎಂದಿಟ್ಟುಕೊಳ್ಳಿ. ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 7 ಚದರ ನ್ಯಾನೊಮೀಟರ್. ತಟಸ್ಥ ಆಮ್ಲೀಯತೆಯಲ್ಲಿ, ಅಂದರೆ ಪಿಎಚ್ 7ರಲ್ಲಿ, ಬಿಡಿ ಎಳೆಗಳ ವಾಹಕತೆ ಸೆಂಟಿಮೀಟರಿಗೆ ಸುಮಾರು 50 ಮಿಲಿಸೀಮೆನ್ಸ್ ಎಂದು 2016ರಲ್ಲಿ ಪ್ರಕಟವಾದ ಅಳತೆ ಹೇಳುತ್ತದೆ. ಮೀಟರಿಗೆ ಬದಲಾಯಿಸಿದರೆ 5 ಸೀಮೆನ್ಸ್. ಉದ್ದವನ್ನು ವಾಹಕತೆ ಮತ್ತು ವಿಸ್ತೀರ್ಣಗಳ ಗುಣಲಬ್ಧದಿಂದ ಭಾಗಿಸಿದರೆ ರೋಧ. 1 ಮೈಕ್ರೊಮೀಟರ್ ಉದ್ದಕ್ಕೆ ಅದು ಸುಮಾರು 28 ಗಿಗಾಓಮ್ ಆಗುತ್ತದೆ! ಇದಕ್ಕೆ 0.1 ವೋಲ್ಟ್ ಕೊಟ್ಟರೆ ಹರಿಯುವ ವಿದ್ಯುತ್ತು 3.5 ಪಿಕೊಆಂಪೇರಿನಷ್ಟು.

ತಾಮ್ರದ ವಾಹಕತೆ ಇದಕ್ಕಿಂತ ಸುಮಾರು ಒಂದು ಕೋಟಿ ಪಟ್ಟು ಹೆಚ್ಚು. ಆದ್ದರಿಂದ ‘ಬ್ಯಾಕ್ಟೀರಿಯದಿಂದ ಕರೆಂಟಿನ ತಂತಿ’ ಎಂಬ ಪತ್ರಿಕಾ ಶೀರ್ಷಿಕೆಗಳನ್ನು ನಂಬಿ ಮನೆಯ ವೈರಿಂಗನ್ನು ಯಾರೂ ಕಲ್ಪಿಸಿಕೊಳ್ಳಬೇಕಿಲ್ಲ. ಒಂಟಿ ಎಳೆಯ ವಿದ್ಯುತ್ತು ಇಷ್ಟು ಕಡಿಮೆಯಾದ್ದರಿಂದಲೇ ಸಂವೇದಕಗಳಲ್ಲಿ ಅಸಂಖ್ಯ ಎಳೆಗಳನ್ನು ತೆಳುವಾದ ಪದರವಾಗಿ ಹರಡಿ ಬಳಸುತ್ತಾರೆ.

ಈಗ ಇನ್ನೊಂದು ಲೆಕ್ಕ. ಸಿಲಿಂಡರಿನ ಪಾರ್ಶ್ವ ಮೇಲ್ಮೈಯನ್ನು ಅದರ ಗಾತ್ರದಿಂದ ಭಾಗಿಸಿದರೆ ಬರುವುದು 4 ಭಾಗಿಸು ವ್ಯಾಸ. ವ್ಯಾಸ ಕಿರಿದಾದಷ್ಟೂ ಈ ನಿಷ್ಪತ್ತಿ ದೊಡ್ಡದು. 80 ಮೈಕ್ರೊಮೀಟರ್ ದಪ್ಪದ ತಲೆಗೂದಲಿಗೆ ಹೋಲಿಸಿದರೆ ಒಂದೇ ಗಾತ್ರದ ವಸ್ತುವಿಗೆ ನ್ಯಾನೊತಂತಿಯ ಮೇಲ್ಮೈ ಸುಮಾರು 27,000 ಪಟ್ಟು ಹೆಚ್ಚು. ಕೂದಲಿನ ಬಹುಪಾಲು ಪರಮಾಣುಗಳು ಒಳಗೆ ಹುದುಗಿವೆ. ನ್ಯಾನೊತಂತಿಯಲ್ಲಿ ‘ಒಳಗೆ’ ಎಂಬುದೇ ಬಹಳ ಕಡಿಮೆ. ಹೊರಗಿನಿಂದ ಒಂದು ಅಣು ಬಂದು ಅಂಟಿದರೂ ಅದರ ಪ್ರಭಾವ ವಿದ್ಯುತ್ತು ಹರಿಯುವ ದಾರಿಯನ್ನೇ ತಟ್ಟುತ್ತದೆ. ವಾಹಕವಾಗಿ ತೀರ ಸಾಧಾರಣವಾದ ಈ ಎಳೆ ಸಂವೇದಕವಾಗಿ ಆಸಕ್ತಿ ಹುಟ್ಟಿಸುವುದು ಇದೇ ಕಾರಣಕ್ಕೆ.

ಅಮೋನಿಯದ ಜಾಡು

2020ರಲ್ಲಿ ಈ ತಂಡಗಳು ಜಿಯೋಬ್ಯಾಕ್ಟರಿನಿಂದ ಪಡೆದ ಪ್ರೋಟೀನು ತಂತಿಗಳ ತೆಳುಪದರವನ್ನು ಎಲೆಕ್ಟ್ರೋಡುಗಳ ನಡುವೆ ಹರಡಿ ಅಮೋನಿಯ ಸಂವೇದಕವೊಂದನ್ನು ವರದಿ ಮಾಡಿದವು. ಗಾಳಿಯಲ್ಲಿ ಅಮೋನಿಯದ ಪ್ರಮಾಣ ಶತಕೋಟಿಗೆ 10 ಭಾಗದಿಂದ ಹಿಡಿದು ಶತಕೋಟಿಗೆ 10 ಲಕ್ಷ ಭಾಗದವರೆಗೆ ಬದಲಾದಾಗ ಪದರದಲ್ಲಿ ಹರಿಯುವ ವಿದ್ಯುತ್ತೂ ಅದಕ್ಕೆ ತಕ್ಕಂತೆ ಬದಲಾಯಿತು.

ಶತಕೋಟಿಗೆ 10 ಎಂದರೆ ಎಷ್ಟು? ಸಾಮಾನ್ಯ ತಾಪ ಮತ್ತು ಒತ್ತಡದಲ್ಲಿ ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ 1ರ ಮುಂದೆ 19 ಸೊನ್ನೆ ಬರೆದು ಎರಡೂವರೆಯಿಂದ ಗುಣಿಸಿದಷ್ಟು ಅಣುಗಳಿವೆ. ಅವುಗಳಲ್ಲಿ ಅಮೋನಿಯದ ಪಾಲು ಸುಮಾರು 25,000 ಕೋಟಿ. ಸಂಖ್ಯೆ ದೊಡ್ಡದಾಗಿ ಕಂಡರೂ ನಮ್ಮ ಮೂಗಿಗೆ ಇದು ಏನೂ ಅಲ್ಲ. ಅಮೋನಿಯದ ಘಾಟು ನಮಗೆ ತಿಳಿಯಲು ಇದರ ನೂರಾರು ಪಟ್ಟು ಬೇಕು.

ಅಮೋನಿಯ ಬಂದರೆ ವಿದ್ಯುತ್ತು ಏಕೆ ಬದಲಾಗಬೇಕು? ಪಿಲಿಯ ವಾಹಕತೆ ಸುತ್ತಲಿನ ಆಮ್ಲೀಯತೆಯನ್ನು ಅವಲಂಬಿಸಿದೆ ಎಂಬುದು ಮೇಲೆ ಹೇಳಿದ 2016ರ ಅಳತೆಗಳಲ್ಲೇ ಕಂಡಿತ್ತು. ಪಿಎಚ್ 2ರಲ್ಲಿ ಅದು ಪಿಎಚ್ 7ರಲ್ಲಿದ್ದುದರ ಮೂರೂವರೆ ಪಟ್ಟಿಗಿಂತಲೂ ಹೆಚ್ಚು. ಪ್ರೋಟೀನಿನ ಮೇಲೆ ಪ್ರೋಟಾನುಗಳು ಅಂಟುವುದು, ಬಿಡುವುದು ವಾಹಕತೆಯನ್ನು ತಿದ್ದುತ್ತದೆ ಎಂದಾಯಿತು. ಅಮೋನಿಯ ಪ್ರೋಟಾನನ್ನು ಕಸಿದುಕೊಳ್ಳುವ ಪ್ರತ್ಯಾಮ್ಲ. ಇಂಥ ಅಣು ತಂತಿಯ ಮೇಲೆ ಬಂದು ಕುಳಿತರೆ ಅಲ್ಲಿನ ವಿದ್ಯುದಂಶಗಳ ಹಂಚಿಕೆ ಬದಲಾಗುವುದು ಸಹಜ.

ಜೀನಿನಲ್ಲಿ ಬರೆದ ಕೊಂಡಿ

ಸಂವೇದಕಕ್ಕೆ ಸೂಕ್ಷ್ಮತೆಯೊಂದಿದ್ದರೆ ಸಾಲದು, ಆಯ್ಕೆಯ ಗುಣವೂ ಬೇಕು. ಅಮೋನಿಯಕ್ಕೂ ಮದ್ಯಸಾರಕ್ಕೂ ನೀರಾವಿಗೂ ಒಂದೇ ಬಗೆಯಲ್ಲಿ ಸ್ಪಂದಿಸುವ ಸಾಧನದಿಂದ ಪ್ರಯೋಜನವೇನು? ಇಂಗಾಲದ ನ್ಯಾನೊಕೊಳವೆ, ಸಿಲಿಕಾನ್ ನ್ಯಾನೊತಂತಿಗಳ ಮೇಲೆ ಬೇಕಾದ ಅಣುವನ್ನಷ್ಟೇ ಹಿಡಿಯುವ ಕೊಂಡಿಗಳನ್ನು ಕೂರಿಸಲು ಸಂಕೀರ್ಣವಾದ, ಹಲವು ಬಾರಿ ವಿಷಯುಕ್ತ ರಾಸಾಯನಿಕಗಳನ್ನು ಬಳಸುವ ಕ್ರಿಯೆಗಳು ಬೇಕಾಗುತ್ತವೆ.

ಪ್ರೋಟೀನು ತಂತಿಯ ಹೆಚ್ಚುಗಾರಿಕೆ ಇಲ್ಲಿದೆ. ಪ್ರೋಟೀನಿನ ಅಮೈನೊ ಆಮ್ಲಗಳ ಸಾಲು ಜೀನಿನ ಅಕ್ಷರಗಳಲ್ಲಿ ಬರೆದಿರುತ್ತದೆ. ಎಳೆ ಕಟ್ಟಿಕೊಂಡಾಗ ಪ್ರತಿಯೊಂದು ಪಿಲಿನ್ ಪ್ರೋಟೀನಿನ ಒಂದು ತುದಿ ಹೊರಮೈಯಲ್ಲಿ ಉಳಿಯುತ್ತದೆ. ಆ ತುದಿಗೆ ಇನ್ನಷ್ಟು ಅಮೈನೊ ಆಮ್ಲಗಳ ಕಿರುಸರ, ಅಂದರೆ ಒಂದು ಪೆಪ್ಟೈಡನ್ನು ಸೇರಿಸಬೇಕೆಂದರೆ ಜೀನಿಗೆ ಕೆಲವು ಅಕ್ಷರ ಸೇರಿಸಿದರಾಯಿತು. ಬ್ಯಾಕ್ಟೀರಿಯವೇ ಆ ಪೆಪ್ಟೈಡ್ ಹೊತ್ತ ತಂತಿಯನ್ನು ನೇಯ್ದು ಕೊಡುತ್ತದೆ. ಇದು ಸಾಧ್ಯವೆಂದು 2019ರಲ್ಲಿ ತೋರಿಸಲಾಯಿತು.

2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಉಪಾಯವನ್ನು ಸಂವೇದಕಕ್ಕೆ ಅಳವಡಿಸಿದ್ದಾರೆ. ಅಮೋನಿಯವನ್ನು ಹಿಡಿಯುವುದೆಂದು ಮೊದಲೇ ಗೊತ್ತಿದ್ದ ಪೆಪ್ಟೈಡನ್ನು ಈ. ಕೋಲಿಯಲ್ಲಿ ಬೆಳೆಸಿದ ತಂತಿಯ ಮೈಮೇಲೆ ಮೂಡಿಸಿದರು. ಕೊಂಡಿಯಿಲ್ಲದ ತಂತಿಗೆ ಹೋಲಿಸಿದರೆ ಅಮೋನಿಯಕ್ಕೆ ಅದರ ಸ್ಪಂದನ ಸುಮಾರು 100 ಪಟ್ಟು ಹೆಚ್ಚಿತು. ಅಸಿಟಿಕ್ ಆಮ್ಲವನ್ನು, ಅಂದರೆ ವಿನಿಗರಿನ ಹುಳಿಯನ್ನು, ಹಿಡಿಯುವ ಇನ್ನೊಂದು ಪೆಪ್ಟೈಡನ್ನು ಹಾಕಿದಾಗ ಸಿಕ್ಕಿದ್ದು 4 ಪಟ್ಟು ಹೆಚ್ಚಳ. ಈ ಎರಡು ಸಂಖ್ಯೆಗಳನ್ನೂ ಒಟ್ಟಿಗೆ ಓದಬೇಕು. ವಿಧಾನ ಒಂದೇ, ಫಲ ಒಂದೇ ಅಲ್ಲ. ಕೊಂಡಿ ಎಷ್ಟು ಬಿಗಿಯಾಗಿ ಹಿಡಿಯುತ್ತದೆ, ಹಿಡಿದಾಗ ವಿದ್ಯುತ್ತನ್ನು ಎಷ್ಟು ಕದಲಿಸುತ್ತದೆ ಎಂಬುದನ್ನು ಪ್ರತಿಯೊಂದು ಅಣುವಿಗೂ ಬೇರೆಬೇರೆಯಾಗಿ ಪರೀಕ್ಷಿಸಬೇಕಾಗುತ್ತದೆ.

ನೀರಾವಿಯ ತೊಡಕು

ಅದೇ ತಂಡಗಳು 2020ರಲ್ಲಿ ಇನ್ನೊಂದು ಸ್ವಾರಸ್ಯದ ಫಲಿತಾಂಶವನ್ನು ಪ್ರಕಟಿಸಿದ್ದವು. ಸುಮಾರು 7 ಮೈಕ್ರೊಮೀಟರ್ ದಪ್ಪದ ಪ್ರೋಟೀನು ತಂತಿಗಳ ಪದರವನ್ನು ಎರಡು ಎಲೆಕ್ಟ್ರೋಡುಗಳ ನಡುವೆ ಇಟ್ಟು, ಮೇಲ್ಭಾಗವನ್ನು ಗಾಳಿಗೆ ತೆರೆದಿಟ್ಟರೆ ಗಾಳಿಯ ತೇವಾಂಶದಿಂದಲೇ ಸುಮಾರು 0.5 ವೋಲ್ಟ್ ವಿಭವಾಂತರ ಹುಟ್ಟುತ್ತದೆ. ಚದರ ಸೆಂಟಿಮೀಟರಿಗೆ 17 ಮೈಕ್ರೊಆಂಪೇರಿನಷ್ಟು ವಿದ್ಯುತ್ತು ಸಿಗುತ್ತದೆ. ಪದರದ ಮೇಲೆ ತೇವ ಹೆಚ್ಚು, ಕೆಳಗೆ ಕಡಿಮೆ. ಆ ಇಳಿಜಾರೇ ಇದಕ್ಕೆ ಕಾರಣವೆಂದು ಅವರ ವಿವರಣೆ.

ಬ್ಯಾಟರಿಯ ದೃಷ್ಟಿಯಿಂದ ಇದು ಸಿಹಿಸುದ್ದಿ. ಸಂವೇದಕದ ದೃಷ್ಟಿಯಿಂದ ಯೋಚಿಸಿ. ನೀರಾವಿಗೇ ಇಷ್ಟು ಸ್ಪಂದಿಸುವ ವಸ್ತುವನ್ನು ಮಳೆಗಾಲದ ಗದ್ದೆಯ ಬದುವಿನಲ್ಲಿಟ್ಟರೆ ಏನಾದೀತು? ಬೆಳಗಿನ ಇಬ್ಬನಿಗೂ ಮಧ್ಯಾಹ್ನದ ಬಿಸಿಲಿಗೂ ನಡುವೆ ತೇವಾಂಶ ಬಹಳ ಬದಲಾಗುತ್ತದೆ. ಮುಳ್ಳು ಕದಲಿದ್ದು ಅಮೋನಿಯದಿಂದಲೋ ತೇವದಿಂದಲೋ ಹೇಳುವುದು ಹೇಗೆ?

ಇದಕ್ಕೆ ಪರಿಹಾರದ ಒಂದು ದಾರಿ ನಮ್ಮ ಪಠ್ಯಪುಸ್ತಕದಲ್ಲೇ ಇದೆ: ವ್ಹೀಟ್‌ಸ್ಟನ್ ಸೇತುವೆ. ಸೇತುವೆಯ ಒಂದು ಬಾಹುವಿನಲ್ಲಿ ಕೊಂಡಿಯುಳ್ಳ ತಂತಿಯ ಪದರ, ಪಕ್ಕದ ಬಾಹುವಿನಲ್ಲಿ ಕೊಂಡಿಯಿಲ್ಲದ ತಂತಿಯ ಪದರ, ಉಳಿದೆರಡರಲ್ಲಿ ಸ್ಥಿರ ರೋಧಗಳು. ತೇವಾಂಶ ಮತ್ತು ತಾಪ ಎರಡೂ ಪದರಗಳ ರೋಧವನ್ನು ಒಂದೇ ಪ್ರಮಾಣದಲ್ಲಿ ಬದಲಿಸಿದರೆ ಸೇತುವೆಯ ಸಮತೋಲ ಕದಲದು. ಅಮೋನಿಯ ಬಂದಾಗ ಮಾತ್ರ ಒಂದು ಬಾಹು ಹೆಚ್ಚು ಸ್ಪಂದಿಸಿ ಸಮತೋಲ ತಪ್ಪುತ್ತದೆ. ಎರಡರ ಸ್ಪಂದನಗಳ ನಡುವೆ 100 ಪಟ್ಟು ಅಂತರವಿದ್ದರೆ ಈ ಉಪಾಯ ಚೆನ್ನಾಗಿ ನಡೆಯಬೇಕು. 4 ಪಟ್ಟು ಮಾತ್ರವಿದ್ದರೆ ಕೊಂಡಿಯಿಲ್ಲದ ಪದರವೂ ಗಣನೀಯವಾಗಿ ಸ್ಪಂದಿಸಿ ಸಂಕೇತದ ಒಂದು ಭಾಗವನ್ನು ಅಳಿಸಿಹಾಕುತ್ತದೆ. ತರಗತಿಯಲ್ಲಿ ಸೇತುವೆಯ ಪಾಠ ಮಾಡುವಾಗ ಇದನ್ನೇ ಒಂದು ಸಮಸ್ಯೆಯಾಗಿ ಕೊಟ್ಟು ನೋಡಿ.

ನಮಗೇಕೆ ಇದು ಬೇಕು?

ಗದ್ದೆಗೆ ಹಾಕಿದ ಯೂರಿಯ ಮಣ್ಣಿನ ಕಿಣ್ವದಿಂದ ಒಡೆದು ಅಮೋನಿಯಂ ಆಗುತ್ತದೆ. ಹಗಲು ಹೊತ್ತಿನಲ್ಲಿ ನಿಂತ ನೀರಿನ ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ನೀರು ಪ್ರತ್ಯಾಮ್ಲೀಯವಾಗುತ್ತದೆ. ಆಗ ಅಮೋನಿಯಂ ಅಮೋನಿಯ ಅನಿಲವಾಗಿ ಗಾಳಿಗೆ ಹಾರಿಹೋಗುತ್ತದೆ. ರೈತ ದುಡ್ಡು ಕೊಟ್ಟು ತಂದ ಸಾರಜನಕದ ಒಂದು ಗಣನೀಯ ಪಾಲು ಹೀಗೆ ಪೈರಿಗೆ ಸಿಗದೆ ನಷ್ಟವಾಗುತ್ತದೆ. ಯಾವ ಹೊತ್ತಿನಲ್ಲಿ, ಎಷ್ಟು ನೀರು ನಿಂತಾಗ, ಹೇಗೆ ಹಾಕಿದಾಗ ನಷ್ಟ ಕಡಿಮೆ ಎಂಬುದನ್ನು ತಿಳಿಯಲು ಗದ್ದೆಯಲ್ಲೇ ಅಳೆಯಬೇಕು. ಆಮ್ಲದಲ್ಲಿ ಅಮೋನಿಯವನ್ನು ಹಿಡಿದು, ಪ್ರಯೋಗಾಲಯಕ್ಕೆ ಒಯ್ದು ಅಳೆಯುವ ಪರಿಪಾಟಿಯ ಕ್ರಮದಿಂದ ಗಂಟೆಗಂಟೆಯ ಏರಿಳಿತ ಸುಲಭವಾಗಿ ಸಿಗುವುದಿಲ್ಲ. ಮೂತ್ರಪಿಂಡದ ಕಾಯಿಲೆಯವರ ಉಸಿರಿನಲ್ಲಿ ಅಮೋನಿಯ ಹೆಚ್ಚಿರುವುದರಿಂದ ವೈದ್ಯಕೀಯದಲ್ಲೂ ಇಂಥ ಅಳತೆಗೆ ಬೆಲೆಯಿದೆ.

ಅನಿಲ ಸಂವೇದಕಗಳು ನಮ್ಮಲ್ಲಿ ಹೊಸದಲ್ಲ. ತವರದ ಆಕ್ಸೈಡ್, ಸತುವಿನ ಆಕ್ಸೈಡ್‌ಗಳನ್ನು ಬಳಸುವ ಸಂವೇದಕಗಳು ಬಹುಕಾಲದಿಂದ ಮಾರುಕಟ್ಟೆಯಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗ್ ಪದವಿ ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ನವಕಾಂತ ಭಟ್ ಅವರಿಗೆ 2018ರ ಇನ್ಫೋಸಿಸ್ ಪ್ರಶಸ್ತಿ ಬಂದಿದ್ದು ಜೈವಿಕ ಸಂವೇದಕಗಳು ಹಾಗೂ ಲೋಹದ ಆಕ್ಸೈಡಿನ ಅನಿಲ ಸಂವೇದಕಗಳ ಮೇಲಿನ ಕೆಲಸಕ್ಕೆ. ಆಕ್ಸೈಡ್ ಸಂವೇದಕಗಳು ಗಟ್ಟಿಮುಟ್ಟಾದವು. ಆದರೆ ಸಾಮಾನ್ಯವಾಗಿ ಅವನ್ನು ನೂರಾರು ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಬಳಸಬೇಕು. ಅದಕ್ಕೆ ವಿದ್ಯುತ್ತು ಖರ್ಚಾಗುತ್ತದೆ. ಪ್ರೋಟೀನು ತಂತಿಯ ಸಂವೇದಕ ಕೋಣೆಯ ತಾಪದಲ್ಲೇ ಕೆಲಸ ಮಾಡುತ್ತದೆ. ಕೆಟ್ಟುಹೋದ ಮೇಲೆ ತಂತಿ ಮಣ್ಣಿನಲ್ಲಿ ಕೊಳೆಯುತ್ತದೆ. ಎಲೆಕ್ಟ್ರೋಡು ಮತ್ತು ಚಿಪ್ಪು ಕೊಳೆಯುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ‘ಹಸಿರು ಎಲೆಕ್ಟ್ರಾನಿಕ್ಸ್’ ಎಂಬ ಮಾತು ಈಗಿನ ಮಟ್ಟಿಗೆ ಅರ್ಧ ಮಾತ್ರ ನಿಜ.

ಮೇಲೆ ವಿವರಿಸಿದ ಫಲಿತಾಂಶಗಳೆಲ್ಲ ಪ್ರಯೋಗಾಲಯದ ಮೇಜಿನ ಮೇಲಿನವು. ಗದ್ದೆಯ ಬದುವಿನಲ್ಲಿ ಒಂದು ಬೆಳೆಯ ಕಾಲವಿಡೀ ಬಾಳಿಕೆ, ಒಂದು ತಯಾರಿಕೆಯ ಪದರಕ್ಕೂ ಇನ್ನೊಂದಕ್ಕೂ ಏಕರೂಪತೆ, ದೊಡ್ಡ ಪ್ರಮಾಣದ ಉತ್ಪಾದನೆಯ ವೆಚ್ಚ, ಈ ಮೂರು ಪರೀಕ್ಷೆಗಳಲ್ಲಿ ಗೆದ್ದರೆ ಮಾತ್ರ ಅದು ರೈತನ ಕೈಸೇರುವ ಉಪಕರಣ. ಈ. ಕೋಲಿಯನ್ನು ಗಾಳಿಯಿಲ್ಲದ ವಿಶೇಷ ಏರ್ಪಾಡಿಲ್ಲದೆ ಬೇಗನೆ ಬೆಳೆಸಬಹುದಾದ್ದರಿಂದ ಮೂರನೆಯದರಲ್ಲಿ ಭರವಸೆಯಿದೆ.

ತರಗತಿಗೊಂದು ಪ್ರಯೋಗ

ನ್ಯಾನೊತಂತಿಯನ್ನು ಶಾಲೆಯಲ್ಲಿ ನೋಡಲಾಗದು. ಆದರೆ ಕೆಸರಿನ ಜೀವಿಗಳು ಎಲೆಕ್ಟ್ರಾನುಗಳನ್ನು ಹೊರಗಿನ ಎಲೆಕ್ಟ್ರೋಡಿಗೆ ಕೊಡುವುದನ್ನು ಅಳೆಯಬಹುದು. ಸೂಕ್ಷ್ಮಜೀವಿಗಳಿಂದ ವಿದ್ಯುತ್ತು ಬರುತ್ತದೆಂದು ಇಂಗ್ಲೆಂಡಿನ ಪಾಟರ್ 1911ರಲ್ಲೇ ತೋರಿಸಿದ್ದರು. ಸಮುದ್ರದ ಕೆಸರಿನಲ್ಲಿಟ್ಟ ಎಲೆಕ್ಟ್ರೋಡಿನ ಮೇಲೆ ಜಿಯೋಬ್ಯಾಕ್ಟರಿನ ಬಳಗದ ಜೀವಿಗಳು ನೆಲೆಸಿ ವಿದ್ಯುತ್ತು ಕೊಡುತ್ತವೆಂಬುದು 2002ರಲ್ಲಿ ತಿಳಿಯಿತು.

ಗದ್ದೆಯ ಕಪ್ಪು ಕೆಸರನ್ನು ಒಂದು ಅಗಲಬಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಗೇಣಿನಷ್ಟು ತುಂಬಿ. ಹಳೆಯ ಟಾರ್ಚ್ ಸೆಲ್ಲಿನಿಂದ ತೆಗೆದು ಚೆನ್ನಾಗಿ ತೊಳೆದ ಇಂಗಾಲದ ಕಡ್ಡಿಯನ್ನು ತಳದಲ್ಲಿ ಹೂಳಿ. ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ಇನ್ನೊಂದು ಇಂಗಾಲದ ಕಡ್ಡಿ ನೀರಿನ ಮೇಲ್ಮೈಯಲ್ಲಿ ಗಾಳಿಗೆ ತಾಗುವಂತೆ ಇಡಿ. ಕಡ್ಡಿಗಳಿಗೆ ಜೋಡಿಸಿದ ತಾಮ್ರದ ತಂತಿ ಕೆಸರಿಗಾಗಲಿ ನೀರಿಗಾಗಲಿ ತಗಲದಂತೆ ಮೇಣದಿಂದ ಮುಚ್ಚಿ. ಎರಡರ ನಡುವೆ 1 ಕಿಲೊಓಮ್ ರೋಧವನ್ನು ಜೋಡಿಸಿ ಎರಡು ಮೂರು ವಾರ ದಿನವೂ ಒಂದೇ ಹೊತ್ತಿಗೆ ವೋಲ್ಟೇಜನ್ನು ಬರೆದಿಡಿ. ರೋಧದ ಮೇಲೆ 0.2 ವೋಲ್ಟ್ ಸಿಕ್ಕಿತೆನ್ನಿ, ವಿದ್ಯುತ್ತು 0.2 ಮಿಲಿಆಂಪೇರ್, ಸಾಮರ್ಥ್ಯ 0.04 ಮಿಲಿವಾಟ್. ಕಡ್ಡಿಯ ಮೇಲ್ಮೈ ಚಿಕ್ಕದಾದ್ದರಿಂದ ಇದಕ್ಕಿಂತ ಬಹಳ ಕಡಿಮೆ ಬಂದರೂ ನಿರಾಶರಾಗಬೇಡಿ.

ಎರಡು ಎಚ್ಚರಿಕೆಗಳಿವೆ. ಒಂದು ಕಡೆ ಸತು, ಇನ್ನೊಂದು ಕಡೆ ತಾಮ್ರ ಇಡಬೇಡಿ. ಆಗ ವೋಲ್ಟೇಜು ತಕ್ಷಣ ಬರುತ್ತದೆ, ನಿಜ. ಆದರೆ ಅದು ಲೋಹ ಸವೆಯುವುದರಿಂದ ಬಂದದ್ದು. ಬ್ಯಾಕ್ಟೀರಿಯಕ್ಕೂ ಅದಕ್ಕೂ ಸಂಬಂಧವಿಲ್ಲ. ವಿಜ್ಞಾನ ಪ್ರದರ್ಶನಗಳಲ್ಲಿ ‘ಮಣ್ಣಿನಿಂದ ವಿದ್ಯುತ್ತು’ ಎಂದು ತೋರಿಸುವ ಹಲವು ಮಾದರಿಗಳು ಈ ಬಗೆಯವು. ಎರಡನೆಯದಾಗಿ, ಅದೇ ಕೆಸರನ್ನು ಪ್ರೆಷರ್ ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿ ತಣಿಸಿ ಇನ್ನೊಂದು ಡಬ್ಬಿ ತಯಾರಿಸಿ. ಎರಡರ ವೋಲ್ಟೇಜಿನ ವ್ಯತ್ಯಾಸವೇ ಜೀವಿಗಳ ಪಾಲಿಗೆ ಸಾಕ್ಷಿ. ಈ ಕೆಲಸಕ್ಕೆ ಬಳಸಿದ ಕುಕ್ಕರನ್ನು ಮತ್ತೆ ಅಡುಗೆಗೆ ಉಪಯೋಗಿಸಬೇಡಿ, ಕೆಸರು ಮುಟ್ಟಿದ ಮೇಲೆ ಕೈಯನ್ನು ಸೋಪು ಹಾಕಿ ತೊಳೆಯಿರಿ.

ಈ ಪ್ರಯೋಗದಿಂದ ಸಾಬೀತಾಗುವುದು ಎಲೆಕ್ಟ್ರಾನು ಎಲೆಕ್ಟ್ರೋಡಿಗೆ ಬಂತು ಎಂಬುದಷ್ಟೆ. ಅದು ನ್ಯಾನೊತಂತಿಯ ಮೂಲಕವೇ ಬಂತೆಂದು ಹೇಳಲು ಇದರಿಂದ ಆಗದು. ಕೆಸರಿನಲ್ಲಿ ಕರಗಿದ ವಸ್ತುಗಳೂ ಎಲೆಕ್ಟ್ರಾನನ್ನು ಹೊತ್ತು ತರಬಲ್ಲವು. ಏನು ತಿಳಿಯಿತು, ಏನು ತಿಳಿಯಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ತಮ್ಮ ದಾಖಲೆ ಪುಸ್ತಕದಲ್ಲಿ ಎರಡು ಕಂಬಸಾಲುಗಳಲ್ಲಿ ಬರೆಯಲಿ. ಜಗತ್ತಿನ ದೊಡ್ಡ ಪ್ರಯೋಗಾಲಯಗಳು ನ್ಯಾನೊತಂತಿಯ ಬಗ್ಗೆ ಎರಡು ದಶಕಗಳಿಂದ ಮಾಡುತ್ತಿರುವುದೂ ಈ ಎರಡು ಸಾಲುಗಳನ್ನು ತಿದ್ದುವ ಕೆಲಸವನ್ನೇ.